ಅಳಿವೆಯ ನೀಲಿ ದೋಣಿಗೆ ಯಾವ ಲೇಪ: ಒಂದು ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳ ನೀರು ಕಡಲು ಸೇರುತ್ತದೆ. ಆ ಅಳಿವೆಯ ಒಳಗಿನ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಫೈಬರ್ ದೋಣಿಯೊಂದರ ವಿವರ ಇದು. ಇಪ್ಪತ್ನಾಲ್ಕು ಅಡಿ ಉದ್ದ, ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್, ಕಡುನೀಲಿ ಒಡಲು. ಆರನೆಯ ವರ್ಷದ ಹೊತ್ತಿಗೆ ಆ ನೀಲಿಯ ಮೇಲೆ ಬಿಳಿಚಿದ ಪೊರೆ ಕೂತಿತ್ತು. ಕೈಯಾಡಿಸಿದರೆ ಅಂಗೈಗೆ ಪುಡಿ ಹತ್ತುತ್ತಿತ್ತು. ನೀರಿನ ಗೆರೆಯ ಉದ್ದಕ್ಕೂ ಚಹಾದ ಬಣ್ಣದ ಕಲೆ, ಬದಿಗಳಲ್ಲಿ ಟೈರು ಉಜ್ಜಿದ ಕಪ್ಪು ಪಟ್ಟೆಗಳು.

ದೋಣಿಯ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: "ಒಮ್ಮೆ ಹಚ್ಚಿದರೆ ಎರಡು ವರ್ಷ ನಿಲ್ಲುವ ವ್ಯಾಕ್ಸ್ ಯಾವುದು?" ಅಂಗಡಿಯಲ್ಲಿ ಅವರಿಗೆ ಮೂರು ಬಗೆಯ ಡಬ್ಬಿಗಳನ್ನು ತೋರಿಸಿದ್ದರು. ಕಾರ್ನೌಬಾ ಪೇಸ್ಟ್ ವ್ಯಾಕ್ಸ್, ಪಾಲಿಮರ್ ಸೀಲಂಟ್ ಮತ್ತು ಸೆರಾಮಿಕ್ ಲೇಪ. ಮೂರರ ಮೇಲೂ ತಿಂಗಳುಗಳ ಲೆಕ್ಕ ಬರೆದಿತ್ತು. ಆ ಲೆಕ್ಕವನ್ನು ಹೋಲಿಸಿ ನೋಡಿ ಕೊಳ್ಳಬೇಕೆಂದು ಅವರು ತೀರ್ಮಾನಿಸಿದ್ದರು.

ನಾನು ಮೊದಲು ಕೇಳಿದ್ದು ದೋಣಿಯ ವರ್ಷದ ದಿನಚರಿಯನ್ನು. ನವರಾತ್ರಿಯ ಹೊತ್ತಿಗೆ ನೀರಿಗಿಳಿಯುತ್ತದೆ, ಮೇ ತಿಂಗಳ ಕೊನೆಗೆ ಬರುವ ತುಳುನಾಡಿನ ಪತ್ತನಾಜೆಯವರೆಗೆ ಓಡುತ್ತದೆ, ಮಳೆಗಾಲವಿಡೀ ತಗಡಿನ ಮಾಡಿನ ಕೆಳಗೆ ಮರದ ಅಡ್ಡೆಗಳ ಮೇಲೆ ಕೂರುತ್ತದೆ. ಅಂದರೆ ಲೇಪ ಸರಿಸುಮಾರು ಎಂಟು ತಿಂಗಳ ಬಿಸಿಲು ತಡೆದರೆ ಸಾಕು. ಅದರಾಚೆ ದೋಣಿ ಹೇಗೂ ದಡದಲ್ಲಿರುತ್ತದೆ, ಕೈಗೆ ಸಿಗುತ್ತದೆ. ಹದಿನೆಂಟು ತಿಂಗಳು ನಿಲ್ಲುವ ಲೇಪಕ್ಕೆ ಹೆಚ್ಚಿನ ಹಣ ಕೊಟ್ಟರೆ ಆ ಹೆಚ್ಚಿನ ತಿಂಗಳುಗಳಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತವೆ ಎಂದು ಅವರನ್ನೇ ಕೇಳಿದೆ. ಈ ಪ್ರಕರಣದಲ್ಲಿ ಕೊನೆಗೆ ಆದ ಆಯ್ಕೆಗೆ ಮೂಲ ಈ ಮಾತುಕತೆ. ಆದರೆ ಅವರು ಒಪ್ಪಲು ಒಂದು ವರ್ಷ ಬೇಕಾಯಿತು, ಅದೂ ಕಣ್ಣಾರೆ ನೋಡಿದ ಮೇಲೆ.

ಪುಡಿ ಎಲ್ಲಿಂದ ಬರುತ್ತದೆ

ಫೈಬರ್ ದೋಣಿಯ ಹೊರಮೈ ಬಣ್ಣವಲ್ಲ, ಜೆಲ್‌ಕೋಟ್. ಬಣ್ಣದ ಪುಡಿ ಬೆರೆಸಿದ ಪಾಲಿಯೆಸ್ಟರ್ ರಾಳದ ಪದರ ಅದು. ದೋಣಿ ಕಟ್ಟುವಾಗ ಅಚ್ಚಿನೊಳಗೆ ಮೊದಲು ಇದನ್ನು ಬಳಿದು, ಅದರ ಹಿಂದೆ ಗಾಜಿನ ನಾರಿನ ಚಾಪೆಗಳನ್ನು ರಾಳದಲ್ಲಿ ತೋಯಿಸಿ ಕೂರಿಸುತ್ತಾರೆ. ಸಾಮಾನ್ಯವಾಗಿ ಅದರ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಹೊಸ ದೋಣಿಯ ಹೊಳಪು ಅಚ್ಚಿನ ನುಣುಪಿನಿಂದ ಬಂದದ್ದು. ಅಚ್ಚಿನಿಂದ ಬಿಡಿಸಲು ಬಳಸಿದ ಮೇಣವೂ ಒಂದಷ್ಟು ದಿನ ಮೇಲೆ ಉಳಿದಿರುತ್ತದೆ. ಅದನ್ನೇ ಶಾಶ್ವತ ಹೊಳಪೆಂದು ತಿಳಿದು ಮೊದಲ ಎರಡು ವರ್ಷ ಯಾರೂ ಒಡಲಿನ ಕಡೆ ನೋಡುವುದಿಲ್ಲ. ಈ ದೋಣಿಯಲ್ಲೂ ಹಾಗೇ ಆಗಿತ್ತು.

ಸೂರ್ಯನ ಅತಿನೇರಳೆ ಕಿರಣಗಳು ಪಾಲಿಯೆಸ್ಟರಿನ ಮೇಲ್ಪದರವನ್ನು ಒಡೆಯುತ್ತವೆ. ರಾಳ ಸವೆದಾಗ ಅದರಲ್ಲಿ ಹುದುಗಿದ್ದ ಬಣ್ಣದ ಕಣಗಳು ಸಡಿಲಗೊಂಡು ಹೊರಬರುತ್ತವೆ. ಅಂಗೈಗೆ ಹತ್ತುವ ಪುಡಿ ಅದೇ. ನಮ್ಮ ಕರಾವಳಿಯಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಅತಿನೇರಳೆ ಸೂಚ್ಯಂಕ ಹನ್ನೊಂದನ್ನು ದಾಟುವುದು ಸಾಮಾನ್ಯ. ಮೇಲಿನಿಂದ ಬೀಳುವ ಬಿಸಿಲಿನ ಜೊತೆಗೆ ನೀರಿನಿಂದ ಪ್ರತಿಫಲಿಸುವ ಬೆಳಕೂ ಒಡಲಿನ ಬದಿಗೆ ಹೊಡೆಯುತ್ತದೆ. ಬಿಳಿ ಜೆಲ್‌ಕೋಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಈ ಕಿರಣಗಳನ್ನು ತಾನೇ ಹೀರಿ ರಾಳವನ್ನು ಒಂದಷ್ಟು ಕಾಪಾಡುತ್ತದೆ. ಕಡುನೀಲಿಯಲ್ಲಿ ಆ ರಕ್ಷಣೆ ಕಡಿಮೆ. ಮೇಲಾಗಿ ಕಡುಬಣ್ಣ ಬಿಸಿಲಿಗೆ ಹೆಚ್ಚು ಕಾಯುತ್ತದೆ, ಪುಡಿ ಎದ್ದರೆ ದೂರದಿಂದಲೇ ಕಾಣುತ್ತದೆ.

ಮಾಲೀಕರ ತಂದೆ ಹಳೆಯ ಕಾಲದ ಮರದ ದೋಣಿಗಳಲ್ಲಿ ದುಡಿದವರು. ಅವರಿಗೆ ಈ ಚರ್ಚೆಯೇ ವಿಚಿತ್ರವೆನಿಸಿತು. "ಮರದ ದೋಣಿಗೆ ವರ್ಷ ವರ್ಷ ಮೀನೆಣ್ಣೆ ಕುಡಿಸುತ್ತಿದ್ದೆವು, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದೆವು. ಇದಕ್ಕೆ ಯಾಕೆ ಬೇಡ ಮಾರಾಯರೇ?" ಎಂದು ಕೇಳಿದರು. ಅವರ ಅನುಭವಕ್ಕೆ ನನಗೆ ತುಂಬಾ ಗೌರವವಿದೆ. ಆ ಸಿಪ್ಪೆಯ ಎಣ್ಣೆಯ ಫಿನಾಲಿನ ಅಂಶಗಳು ಮರ ಕೊರೆಯುವ ಹುಳುಗಳನ್ನೂ ಕೊಳೆತವನ್ನೂ ತಡೆಯುತ್ತಿದ್ದವು, ಮೀನೆಣ್ಣೆ ಮರದ ರಂಧ್ರಗಳಿಗೆ ಇಳಿದು ನೀರು ಒಳನುಗ್ಗದಂತೆ ನೋಡಿಕೊಳ್ಳುತ್ತಿತ್ತು. ಮರ ಎಣ್ಣೆ ಕುಡಿಯುತ್ತದೆ. ಗಟ್ಟಿಯಾದ ರಾಳ ಕುಡಿಯುವುದಿಲ್ಲ. ಜೆಲ್‌ಕೋಟಿನ ಮೇಲೆ ಎಣ್ಣೆ ಬರೀ ಜಿಡ್ಡಾಗಿ ನಿಂತು ದೂಳನ್ನು ಹಿಡಿಯುತ್ತದೆ. ಈ ದೋಣಿಯ ಹುಡುಗರು ಡೀಸೆಲ್ ಬಟ್ಟೆಯಿಂದ ಒರೆಸಿ ಹೊಳಪು ತರುತ್ತಿದ್ದರು. ಅದು ಒಂದು ದಿನದ ಹೊಳಪು, ಉಳಿದದ್ದು ಕೊಳೆ, ಜೊತೆಗೆ ನೀರಿಗೆ ಹೋದ ಡೀಸೆಲ್.

ಒಂದು ಋತುವಿನ ಪರೀಕ್ಷೆ

ಲೇಬಲ್ಲಿನ ಮಾತು ನಂಬುವುದಕ್ಕಿಂತ ಇದೇ ದೋಣಿಯ ಮೇಲೆ, ಇದೇ ನೀರಿನಲ್ಲಿ ನೋಡೋಣ ಎಂದೆ. ಕಟ್ಟೆಗೆ ಕಟ್ಟಿದಾಗ ದೋಣಿಯ ಬಲಬದಿ ಮಧ್ಯಾಹ್ನದ ನಂತರದ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಆ ಬದಿಯಲ್ಲಿ ಅಂಚಿನಿಂದ ನೀರಿನ ಗೆರೆಯವರೆಗೆ ನಾಲ್ಕು ಪಟ್ಟೆಗಳನ್ನು ಗುರುತಿಸಿದೆವು. ನಾಲ್ಕನ್ನೂ ಒಂದೇ ರೀತಿ ತಿಕ್ಕಿ ಪಾಲಿಶ್ ಮಾಡಿ, ಒಂದನ್ನು ಬರಿದಾಗಿ ಬಿಟ್ಟೆವು. ಉಳಿದ ಮೂರಕ್ಕೆ ಕ್ರಮವಾಗಿ ಪೇಸ್ಟ್ ವ್ಯಾಕ್ಸ್, ಪಾಲಿಮರ್ ಸೀಲಂಟ್ ಮತ್ತು ಸೆರಾಮಿಕ್ ಹಚ್ಚಿದೆವು. ದೋಣಿಯ ಉಳಿದ ಭಾಗಕ್ಕೆ ಆ ವರ್ಷದ ಮಟ್ಟಿಗೆ ಪೇಸ್ಟ್ ವ್ಯಾಕ್ಸ್.

ಪರೀಕ್ಷೆಯ ವಿಧಾನ ಸರಳ. ಒಣ ಕಪ್ಪು ಬಟ್ಟೆಯಿಂದ ಒಂದೇ ಒತ್ತಡದಲ್ಲಿ ಉಜ್ಜಿ ಎಷ್ಟು ಪುಡಿ ಹತ್ತಿತು ಎಂದು ನೋಡುವುದು, ನೀರು ಚಿಮುಕಿಸಿ ಹನಿಗಟ್ಟುತ್ತದೆಯೋ ಹರಡುತ್ತದೆಯೋ ಎಂದು ನೋಡುವುದು. ಇವೆರಡರಲ್ಲಿ ಬಟ್ಟೆಯ ಪರೀಕ್ಷೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನೀರು ಮುತ್ತಿನಂತೆ ಉರುಳುವುದನ್ನು ಜಾಹೀರಾತುಗಳು ತೋರಿಸುತ್ತವೆ. ಆದರೆ ಅದು ಮೇಲ್ಮೈ ನೀರನ್ನು ದೂರವಿಡುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ, ಬಿಸಿಲನ್ನು ತಡೆಯುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಕೊಳೆಯ ತೆಳು ಪೊರೆ ಕೂತರೂ ಹನಿಗಟ್ಟುವುದು ನಿಲ್ಲುತ್ತದೆ, ತೊಳೆದರೆ ಮರಳುತ್ತದೆ.

ಮೊದಲ ದಿನ ಗೆದ್ದದ್ದು ಪೇಸ್ಟ್ ವ್ಯಾಕ್ಸ್. ಆ ಆಳವಾದ, ಒದ್ದೆ ಒದ್ದೆಯಾದ ನೀಲಿಯನ್ನು ನೋಡಿ ಮಾಲೀಕರು ಇದೇ ಇರಲಿ ಎಂದರು. ಕಾರ್ನೌಬಾ ಮೇಣ ಈಶಾನ್ಯ ಬ್ರೆಜಿಲಿನ ಒಂದು ಜಾತಿಯ ತಾಳೆಮರದ ಎಲೆಗಳ ಮೇಲೆ ಸಿಗುತ್ತದೆ. ಗಟ್ಟಿ ಮೇಣ, ಶುದ್ಧ ರೂಪದಲ್ಲಿ ಕರಗಬೇಕಾದರೆ 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಡಬ್ಬಿಯಲ್ಲಿರುವುದು ಮಾತ್ರ ದ್ರಾವಕ ಮತ್ತು ಮೆತ್ತಗಿನ ಇತರ ಮೇಣಗಳ ಜೊತೆ ಬೆರೆತದ್ದು. ಜೆಲ್‌ಕೋಟಿಗೆ ಅದು ರಾಸಾಯನಿಕವಾಗಿ ಅಂಟಿಕೊಳ್ಳುವುದಿಲ್ಲ, ಮೇಲೆ ಕೂತಿರುತ್ತದೆ. ಕಾದ ಕಡುನೀಲಿ ಒಡಲು, ಉಪ್ಪುನೀರಿನ ಸಿಂಪರಣೆ, ಹುಡುಗರು ಪಾತ್ರೆ ತೊಳೆಯುವ ಸೋಪಿನಿಂದ ತಿಕ್ಕುವುದು, ಈ ಮೂರೂ ಸೇರಿ ಅದನ್ನು ಬೇಗ ತೆಗೆದವು. ಸಂಕ್ರಾಂತಿಗೆ ಮೊದಲೇ ಆ ಪಟ್ಟೆಯಲ್ಲಿ ನೀರು ಹರಡತೊಡಗಿತು. ನೀರಿನ ಗೆರೆಯಿಂದ ಒಂದಡಿ ಮೇಲಿನವರೆಗಂತೂ ಅದಕ್ಕೂ ಮುಂಚೆ. ಯುಗಾದಿಗೆ ಬಟ್ಟೆಗೆ ಪುಡಿ ಹತ್ತಿತು, ಬರಿ ಪಟ್ಟೆಗಿಂತ ತುಸು ಕಡಿಮೆ ಅಷ್ಟೇ.

ಸೀಲಂಟಿನ ಪಟ್ಟೆ ಮೊದಲ ದಿನ ಅಷ್ಟು ಮನಸೆಳೆಯಲಿಲ್ಲ. ಹೊಳಪು ಇತ್ತು, ಆಳ ಇರಲಿಲ್ಲ. ಇದರಲ್ಲಿರುವುದು ಕೃತಕ ಪಾಲಿಮರುಗಳು. ದ್ರಾವಕ ಆರಿದ ಮೇಲೆ ಅವು ಒಂದಕ್ಕೊಂದು ಬೆಸೆದುಕೊಂಡು ಮೇಲ್ಮೈಗೆ ಮೇಣಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಬಿಸಿಲಿನ ಕಾವಿಗೆ ಮೆದುವಾಗುವುದಿಲ್ಲ. ಯುಗಾದಿಯ ಹೊತ್ತಿಗೆ ಹನಿಗಟ್ಟುವುದು ಕ್ಷೀಣಿಸಿದ್ದರೂ ಕಪ್ಪು ಬಟ್ಟೆ ಸ್ವಚ್ಛವಾಗಿಯೇ ಇತ್ತು. ಪತ್ತನಾಜೆಗೆ ದೋಣಿ ದಡಕ್ಕೆ ಬಂದಾಗ ಮೇಲಂಚಿನಲ್ಲಿ ಮಾತ್ರ ಮಸುಕು.

ಸೆರಾಮಿಕ್ ಪಟ್ಟೆ ಬಾಳಿಕೆಯಲ್ಲಿ ಎಲ್ಲವನ್ನೂ ಮೀರಿಸಿತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಕೊನೆಯ ದಿನವೂ ನೀರು ಉರುಳುತ್ತಿತ್ತು, ಬಟ್ಟೆಗೆ ಏನೂ ಹತ್ತಲಿಲ್ಲ. ಸಿಲಿಕಾ ಆಧಾರಿತ ಈ ಲೇಪ ಗಾಳಿಯ ತೇವದೊಡನೆ ವರ್ತಿಸಿ ಗಟ್ಟಿಯಾದ ತೆಳುಪೊರೆ ಕಟ್ಟುತ್ತದೆ. ಆದರೂ ಈ ದೋಣಿಗೆ ಅದನ್ನು ನಾನು ಬೇಡವೆಂದೆ. ಆ ಪಟ್ಟೆಯ ನಟ್ಟನಡುವೆ, ಕಟ್ಟೆಯ ಟೈರು ತಾಗುವ ಎತ್ತರದಲ್ಲಿ, ಅಂಗೈಯಗಲ ಜಾಗದಲ್ಲಿ ಲೇಪ ಗೀಚಿ ಹೋಗಿತ್ತು. ದಿನಕ್ಕೆ ಹಲವು ಸಲ ಕಟ್ಟೆಗೆ ತಾಗುವ ದುಡಿಮೆಯ ದೋಣಿ ಇದು. ಜೆಲ್‌ಕೋಟಿನ ಮೇಲಿನ ಮೈಕ್ರಾನ್ ಲೆಕ್ಕದ ಪೊರೆ ಎಷ್ಟೇ ಗಟ್ಟಿಯಿದ್ದರೂ ಮುರಕಲ್ಲಿನ ಕಟ್ಟೆಯ ಮುಂದೆ ನಿಲ್ಲುವುದಿಲ್ಲ. ಹೋದ ಕಡೆಯಷ್ಟೇ ಮತ್ತೆ ಹಚ್ಚಲು ಸುತ್ತಲಿನ ಲೇಪವನ್ನೂ ತಿಕ್ಕಿ ತೆಗೆಯಬೇಕು, ಅಂಚು ಕಾಣದಂತೆ ಸೇರಿಸುವುದು ನಾಜೂಕಿನ ಕೆಲಸ. ಸೀಲಂಟಾದರೆ ಹುಡುಗರೇ ಅರ್ಧ ಗಂಟೆಯಲ್ಲಿ ಮರುಲೇಪಿಸಬಲ್ಲರು. ಎರಡನೆಯದಾಗಿ, ಸೆರಾಮಿಕ್ ಹಚ್ಚಿ ಗಟ್ಟಿಯಾಗುವವರೆಗೆ ಮೇಲ್ಮೈ ಪೂರ್ತಿ ಒಣಗಿರಬೇಕು, ಮಂಜು ಬೀಳಬಾರದು, ನೀರು ತಾಗಬಾರದು. ಮಾಡಿಗೆ ಮೂರು ಕಡೆ ಗೋಡೆಯಿಲ್ಲದ, ಮಳೆ ಪೂರ್ತಿ ಬಿಡದ ಸೆಪ್ಟೆಂಬರಿನ ಹೊಳೆದಂಡೆಯಲ್ಲಿ ಅದಕ್ಕೆ ಭರವಸೆ ಕೊಡುವವರು ಯಾರು? ಬೆಲೆಯೂ ಸೀಲಂಟಿನ ಹಲವು ಪಟ್ಟು. ಕಟ್ಟೆಗೆ ಉಜ್ಜದೆ, ಎರಡು ವರ್ಷಕ್ಕೊಮ್ಮೆ ಮಾತ್ರ ಮೇಲೆತ್ತುವ ವಿಹಾರ ನೌಕೆಯಾಗಿದ್ದರೆ ನಾನು ಸೆರಾಮಿಕ್ಕನ್ನೇ ಹೇಳುತ್ತಿದ್ದೆ.

ಬರಿ ಪಟ್ಟೆಯನ್ನು ನೋಡಿದ ಮೇಲೆ ತಂದೆಯವರು ಸುಮ್ಮನಾದರು. ಪಾಲಿಶ್ ಮಾಡಿದ್ದ ನೀಲಿ ಒಂದೇ ಋತುವಿನಲ್ಲಿ ಮತ್ತೆ ಬಿಳಿಚಿಕೊಂಡಿತ್ತು. ಕೊನೆಗೆ ಆಯ್ಕೆ ಸೀಲಂಟಿನದಾಯಿತು.

ತಯಾರಿ

ಪುಡಿ ಎದ್ದ ಜೆಲ್‌ಕೋಟಿನ ಮೇಲೆ ಜಗತ್ತಿನ ಯಾವ ಲೇಪವೂ ನಿಲ್ಲುವುದಿಲ್ಲ, ಏಕೆಂದರೆ ಅದು ಹಿಡಿದುಕೊಳ್ಳುವುದು ಸಡಿಲ ಪುಡಿಯನ್ನು, ಒಡಲನ್ನಲ್ಲ. ಹಾಗಾಗಿ ಮಳೆಗಾಲದಲ್ಲಿ ಮಾಡಿದ ಕೆಲಸದ ಬಹುಪಾಲು ಲೇಪ ಹಚ್ಚುವುದಕ್ಕೆ ಮುಂಚಿನದು. ಕೂಲಿಯೂ ಅಲ್ಲೇ ಹೆಚ್ಚು ಹೋಯಿತು. ಡಬ್ಬಿಯ ಬೆಲೆ ಅದರ ಮುಂದೆ ಸಣ್ಣದು.

ಮೊದಲು ಸಿಹಿನೀರು ಮತ್ತು ಮೃದು ಸೋಪಿನಿಂದ ತೊಳೆದೆವು. ನೀರಿನ ಗೆರೆಯ ಕಂದುಕಲೆಗೆ ಆಕ್ಸಾಲಿಕ್ ಆಮ್ಲದ ತಿಳಿದ್ರಾವಣ. ಕೈಗವಸು, ಕನ್ನಡಕ ಕಡ್ಡಾಯ, ಆರಲು ಬಿಡದೆ ತೊಳೆಯಬೇಕು. ಎಲೆಗಳ ಕೊಳೆತದಿಂದ ಬಂದ ಬಣ್ಣಕ್ಕೂ ಕಬ್ಬಿಣದ ತುಕ್ಕಿನ ಕಲೆಗೂ ಇದು ಒಳ್ಳೆಯ ಮದ್ದು. ಇದನ್ನು ಬಿಟ್ಟು ಕಲೆಯನ್ನು ಉಜ್ಜುಕಾಗದದಿಂದ ತೆಗೆಯಲು ಹೋದರೆ ಜೆಲ್‌ಕೋಟ್ ಸುಮ್ಮನೆ ಸವೆಯುತ್ತದೆ. ಆಮೇಲೆ ಹಳೆಯ ಮೇಣವನ್ನು ದ್ರಾವಕದಿಂದ ಒರೆಸಿ ತೆಗೆದೆವು. ಈ ಕ್ರಮ ಮುಖ್ಯ. ಮೇಣವಿರುವಾಗಲೇ ತಿಕ್ಕಿದರೆ ಅದು ಗೀರುಗಳೊಳಗೆ ಸೇರಿಕೊಳ್ಳುತ್ತದೆ.

ಇಲ್ಲೊಂದು ತೊಡಕು ಎದುರಾಯಿತು. ಮುಂತುದಿಯ ಬಳಿ ಹಳೆಯ ಗುದ್ದಿನ ಗುಳಿಯೊಂದಿತ್ತು. ಅದನ್ನು ತುಂಬಿ ಹೊಸ ಜೆಲ್‌ಕೋಟ್ ಬಳಿದಾಗ ಅದು ಅಲ್ಲಲ್ಲಿ ಹಿಂದೆ ಸರಿದು ದುಂಡು ಕುಳಿಗಳನ್ನು ಬಿಟ್ಟಿತು. ಈ ಕಸುಬಿನವರು ಅದನ್ನು ಮೀನುಗಣ್ಣು ಎನ್ನುತ್ತಾರೆ. ವಿಚಾರಿಸಿದಾಗ ಯಾರೋ ಕಾರಿನ ಟೈರಿಗೆ ಹೊಳಪು ಕೊಡುವ ಸಿಲಿಕಾನ್ ದ್ರವವನ್ನು ಹಿಂದೊಮ್ಮೆ ಒಡಲಿಗೂ ಹಚ್ಚಿದ್ದರೆಂದು ತಿಳಿಯಿತು. ಸಿಲಿಕಾನ್ ಎಣ್ಣೆ ಜೆಲ್‌ಕೋಟಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದು ಮುಂದಿನ ಪ್ರತಿ ದುರಸ್ತಿಯನ್ನೂ ಕಾಡುತ್ತದೆ. ಆ ಭಾಗವನ್ನು ಮತ್ತೆ ಕೆರೆದು, ಪ್ರತಿ ಒರೆಸುವಿಕೆಗೂ ಹೊಸ ಬಟ್ಟೆ ಬಳಸಿ ದ್ರಾವಕದಿಂದ ತೊಳೆದು, ಎರಡನೆಯ ಸಲ ಬಳಿಯಬೇಕಾಯಿತು. ಸೀಲಂಟ್ ಆರಿಸುವಾಗಲೂ ಇದೇ ಕಾರಣಕ್ಕೆ, ಸಿಲಿಕಾನ್ ಎಣ್ಣೆ ಬೆರೆಸಿದ್ದನ್ನು ಬದಿಗಿಟ್ಟು ದೋಣಿಗೆಂದೇ ತಯಾರಿಸಿದ್ದನ್ನು ತೆಗೆದುಕೊಂಡೆವು.

ನೀರುಕಾಗದದಲ್ಲಿ, ಅಂದರೆ ನೀರು ಹಾಕಿ ತಿಕ್ಕುವ ಉಜ್ಜುಕಾಗದದಲ್ಲಿ, 1000ರಿಂದ ಆರಂಭಿಸಿ 1500, 2000ದವರೆಗೆ ಹೋದೆವು; ಸಂಖ್ಯೆ ಏರಿದಂತೆ ಕಾಗದ ನುಣುಪು. ಕೈಯಲ್ಲೇ, ಮರದ ತುಂಡಿಗೆ ಸುತ್ತಿ, ನೀರು ಹರಿಸುತ್ತ. ಅಂಚು ಮತ್ತು ಮೂಲೆಗಳಲ್ಲಿ ಜೆಲ್‌ಕೋಟ್ ತೆಳುವಾಗಿರುತ್ತದೆ, ಅಲ್ಲಿ ಕಾಗದ ಮುಟ್ಟಿಸಲಿಲ್ಲ. ಅರ್ಧ ಮಿಲಿಮೀಟರಿನ ಈ ಬಂಡವಾಳವನ್ನು ಪ್ರತಿ ತಿಕ್ಕುವಿಕೆ ಒಂದಿಷ್ಟು ತಿನ್ನುತ್ತದೆ. ಪ್ರತಿವರ್ಷ ಕಾಗದ ಹಿಡಿದರೆ ಕೆಲವು ವರ್ಷಗಳಲ್ಲಿ ಗಾಜಿನ ನಾರಿನ ನೇಯ್ಗೆ ಇಣುಕುತ್ತದೆ. ಲೇಪದ ನಿಜವಾದ ಪ್ರಯೋಜನ ನನ್ನ ದೃಷ್ಟಿಯಲ್ಲಿ ಇದೇ: ಹೊಳಪು ಅಷ್ಟೇ ಅಲ್ಲ, ಮುಂದಿನ ವರ್ಷ ಕಾಗದ ಹಿಡಿಯುವ ಅಗತ್ಯವನ್ನು ತಪ್ಪಿಸುವುದು. ಕಾಗದದ ನಂತರ ಉಣ್ಣೆಯ ಪ್ಯಾಡಿನಲ್ಲಿ ನುಣುಪಾಗಿ ತಿಕ್ಕುವ ಪೇಸ್ಟಾದ ರಬ್ಬಿಂಗ್ ಕಾಂಪೌಂಡ್, ಬಫಿಂಗ್ ಯಂತ್ರ ನಿಧಾನವಾಗಿ. ವೇಗ ಹೆಚ್ಚಿದರೆ ಜೆಲ್‌ಕೋಟ್ ಸುಡುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಕಾಂಪೌಂಡಿನ ಎಣ್ಣೆ ತೆಗೆದು, ಸೀಲಂಟನ್ನು ತೆಳುವಾಗಿ ಹಚ್ಚಿ, ಮರುದಿನ ಎರಡನೆಯ ಪದರ ಕೊಟ್ಟೆವು. ಎರಡನೆಯದು ಹೆಚ್ಚು ದಪ್ಪಕ್ಕಾಗಿ ಅಲ್ಲ, ಮೊದಲ ಸಲ ಕೈತಪ್ಪಿದ ಜಾಗಗಳಿಗಾಗಿ.

ನೀರಿನ ಗೆರೆಯ ಕೆಳಗೆ

ಮಾಲೀಕರು ಸೀಲಂಟನ್ನು ತಳಕ್ಕೂ ಹಚ್ಚಲು ಸಿದ್ಧರಿದ್ದರು. ಬೇಡವೆಂದು ಗಟ್ಟಿಯಾಗಿ ಹೇಳಿದೆ. ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಬಿಸಿಲಿನ ಭಯವಿಲ್ಲ, ಅಲ್ಲಿನ ಶತ್ರು ಬಾರ್ನಕಲ್ ಚಿಪ್ಪು, ಪಾಚಿ ಮತ್ತು ರಾಳದೊಳಗೆ ನಿಧಾನವಾಗಿ ಇಳಿಯುವ ನೀರು. ಮೇಣವಾಗಲಿ ಇಂಥ ಸೀಲಂಟಾಗಲಿ ಇವುಗಳಲ್ಲಿ ಯಾವುದನ್ನೂ ತಡೆಯದು. ಬದಲಿಗೆ, ಅದರ ಮೇಲೆ ಬಳಿಯಬೇಕಾದ ಬಣ್ಣ ಹಿಡಿಯದಂತೆ ಮಾಡುತ್ತದೆ. ತಳಕ್ಕೆ ಬೇಕಾದದ್ದು ನೀರು ಒಳಗಿಳಿಯದಂತೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ತಾಮ್ರದ ಆಕ್ಸೈಡ್ ಇರುವ, ಚಿಪ್ಪು ಪಾಚಿ ಅಂಟದಂತೆ ತಡೆಯುವ ಆಂಟಿಫೌಲಿಂಗ್ ಬಣ್ಣ. ಔಟ್‌ಬೋರ್ಡ್ ಎಂಜಿನ್ನಿನ ಕಾಲು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದಕ್ಕೆ ತಾಮ್ರದ ಬಣ್ಣ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಆದ್ದರಿಂದ ಅದರ ಸುತ್ತ ಜಾಗ ಬಿಟ್ಟು ಬಳಿಯಬೇಕು.

ಈ ಬಣ್ಣದ ವಿಷಯದಲ್ಲಿ ನಾನು ಹುಡುಗರಿಗೆ ಸ್ವಲ್ಪ ಕಠಿಣವಾಗಿಯೇ ಹೇಳಿದೆ. ಹಳೆಯ ಆಂಟಿಫೌಲಿಂಗ್ ಪದರವನ್ನು ಒಣದಾಗಿ ಕೆರೆದು ಪುಡಿಯನ್ನು ಹೊಳೆಗೆ ತೊಳೆಯಬಾರದು. ತೇವ ಮಾಡಿ ಉಜ್ಜಿ, ಕೆಳಗೆ ಟಾರ್ಪಾಲು ಹಾಸಿ, ಪುಡಿಯನ್ನು ಒಟ್ಟುಗೂಡಿಸಿ ತೆಗೆಯಬೇಕು. ಈ ಹಿನ್ನೀರಿನ ಕೆಸರಿನಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಸಂಸಾರ ನಡೆಸುವವರಿದ್ದಾರೆ. ಚಿಪ್ಪುಜೀವಿಗಳು ಅಂಟದಿರಲೆಂದು ಮಾಡಿದ ವಿಷ ಮರುವಾಯಿಗೆ ಮಾತ್ರ ಯಾಕೆ ಬಿಟ್ಟೀತು? ಫ್ರಾನ್ಸಿನ ಆರ್ಕಷೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಯಲ್ಲಿ ಸಿಂಪಿ ಸಾಕಣೆ ನೆಲಕಚ್ಚಿತು. ಕಾರಣ ದೋಣಿಗಳ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯುಟೈಲ್ ಟಿನ್ ಇದ್ದ ಬಣ್ಣ. ಆ ದೇಶ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿರ್ಬಂಧಿಸಿತು. ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು. ತಾಮ್ರ ಅಷ್ಟು ಘೋರವಲ್ಲ, ಆದರೆ ನಿರುಪದ್ರವಿಯೂ ಅಲ್ಲ.

ಎರಡನೆಯ ಋತು

ಆ ವರ್ಷ ಮೂರು ಅಭ್ಯಾಸಗಳು ಬದಲಾದವು. ಪಾತ್ರೆ ಸೋಪಿನ ಬದಲು ದೋಣಿಗೆಂದೇ ಸಿಗುವ ಮೃದು ಶಾಂಪೂ ಬಂತು. ಸಂಜೆ ಕೊನೆಯ ಸುತ್ತು ಮುಗಿದ ಮೇಲೆ ಬಾವಿನೀರಿನಿಂದ ಒಡಲಿನ ಉಪ್ಪು ತೊಳೆಯುವುದು ರೂಢಿಯಾಯಿತು. ಕಟ್ಟೆಯ ಟೈರುಗಳಿಗೆ ದಪ್ಪ ಕ್ಯಾನ್ವಾಸ್ ಹೊದಿಸಿದರು. ಟೈರಿನ ರಬ್ಬರಿನಿಂದ ಹೊರಬರುವ ಎಣ್ಣೆಯಂಶ ಜೆಲ್‌ಕೋಟಿಗೆ ಇಳಿದು ಮಾಡುವ ಕಲೆಯನ್ನು ಯಾವ ಲೇಪವೂ ಪೂರ್ತಿ ತಡೆಯದು, ತಾಗದಂತೆ ನೋಡಿಕೊಳ್ಳುವುದೇ ದಾರಿ. ಸಂಕ್ರಾಂತಿಯ ಆಸುಪಾಸಿನಲ್ಲಿ ದೋಣಿ ಒಂದು ದಿನ ಮರಳಿನ ಮೇಲೆ ಕೂತಿದ್ದಾಗ, ಕಟ್ಟೆ ತಾಗುವ ಎತ್ತರಕ್ಕೂ ಬಿಸಿಲಿನ ಬದಿಯ ಮೇಲಂಚಿಗೂ ಹುಡುಗರೇ ಇನ್ನೊಂದು ಪದರ ಸೀಲಂಟ್ ಹಚ್ಚಿದರು. ಇಡೀ ಒಡಲಿಗೆ ಬೇಕಾಗಲಿಲ್ಲ.

ಪತ್ತನಾಜೆಯ ನಂತರ ಮೇಲೆತ್ತಿದಾಗ ಕಪ್ಪು ಬಟ್ಟೆಯಿಂದ ಎರಡೂ ಬದಿ ಉಜ್ಜಿ ನೋಡಿದೆವು. ಹಿಂಬದಿಯಲ್ಲಿ ಎಂಜಿನ್ನಿನ ಹೊಗೆ ತಾಗುವ ಭಾಗ ಬಿಟ್ಟರೆ ಎಲ್ಲೂ ಪುಡಿಯಿಲ್ಲ. ಅಲ್ಲಿ ಮಾತ್ರ ತೆಳು ಪಾಲಿಶ್, ಉಳಿದೆಡೆ ತೊಳೆದು ಒರೆಸಿ ನೇರ ಸೀಲಂಟ್. ನೀರುಕಾಗದ ಹೊರತೆಗೆಯಲೇ ಇಲ್ಲ. ಮಳೆಗಾಲದ ಕೂಲಿ ಹಿಂದಿನ ವರ್ಷದ ಒಂದು ಸಣ್ಣ ಪಾಲಿಗೆ ಇಳಿಯಿತು.

ಈಗ ಅವರು ಎರಡನೆಯ ದೋಣಿ ಕಟ್ಟಿಸುತ್ತಿದ್ದಾರೆ. ಅದರ ಒಡಲು ಬಿಳಿ, ಅಂಚಿಗಷ್ಟೇ ನೀಲಿ ಪಟ್ಟಿ. ಕಟ್ಟುವವರಿಂದ ದುರಸ್ತಿಗೆಂದು ಮಿಕ್ಕ ಜೆಲ್‌ಕೋಟ್ ಕೇಳಿ ಇಟ್ಟುಕೊಳ್ಳಲು ಹೊರಟಿದ್ದರು. ಅದು ಕೆಲವೇ ತಿಂಗಳಲ್ಲಿ ಡಬ್ಬಿಯಲ್ಲೇ ಕೆಡುತ್ತದೆ. ಅದರ ಬದಲು ನೀಲಿ ಬಣ್ಣದ ಪೇಸ್ಟನ್ನೂ ಅದನ್ನು ಬೆರೆಸಿದ ಪ್ರಮಾಣದ ಚೀಟಿಯನ್ನೂ ಪಡೆದುಕೊಳ್ಳಿ ಎಂದಿದ್ದೇನೆ.